ವಸಿ ಸುಸ್ತು

ಅಕ್ಟೋಬರ್ 24, ಗುರುವಾರ. ಬೀರ್‌ಗಂಜ್, ನೇಪಾಳ. ಬೆಳಿಗ್ಗೆ

ಚೈನಿಗೆ ಎಣ್ಣೆ ಬಿಟ್ಟಾಯಿತು. ಬ್ಯಾಗು ಬಿಗಿದಾಯಿತು. ಪುಟ್ಟರಾಜಣ್ಣ ಲಾಡ್ಜಿನ ಅಂಗಳದಲ್ಲಿ ಪಿ.ಟಿ. ಮಾಡುತ್ತಿದ್ದಾರೆ — ಕೈ ಮೇಲೆ, ಕೈ ಕೆಳಗೆ, ಸೊಂಟ ಎಡಕ್ಕೆ, ಸೊಂಟ ಬಲಕ್ಕೆ. ಬಾಣಾವರದ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ರಿಟೈರಾಗಿ ಎರಡು ವರ್ಷ. ಕೊರಳಿನ ಸೀಟಿ ಮಾತ್ರ ಇನ್ನೂ ಸರ್ವೀಸಿನಲ್ಲಿದೆ. ದಿನಾ ಅದನ್ನು ಊದಿಯೇ ನನ್ನನ್ನು ಎಬ್ಬಿಸುವುದು. ನನ್ನ ಜೊತೆಗೆ ಅಕ್ಕಪಕ್ಕದ ರೂಮಿನವರೂ ಏಳುತ್ತಾರೆ.

ನಿನ್ನೆ ಗಡಿ ದಾಟಿದೆವು. ನಲವತ್ತಾರನೇ ವಯಸ್ಸಿಗೆ ಮೊದಲ ವಿದೇಶ ಪ್ರವಾಸ. ಸಂತೆ ದಿನದ ಅರಸೀಕೆರೆ ಬಸ್ ಸ್ಟ್ಯಾಂಡಿಗೂ ಇದಕ್ಕೂ ಅಂಥಾ ವ್ಯತ್ಯಾಸ ಏನೂ ಕಾಣಲಿಲ್ಲ. ಬೈಕಿಗೆ ಪರ್ಮಿಟ್ಟು ಸಿಕ್ಕಿದೆ, ನವೆಂಬರ್ ಏಳರವರೆಗೆ. ಅಷ್ಟರೊಳಗೆ ಪೋಖ್ರಾ ನೋಡಿ, ಬೆಟ್ಟ ಇಳಿದು, ಕೊನೆಗೆ ಲುಂಬಿನಿ — ಬುದ್ಧ ಹುಟ್ಟಿದ ಜಾಗ. ಗಯೆ ಮುಗಿಸಿಯೇ ಬಂದಿದ್ದೇವೆ. ಜ್ಞಾನೋದಯ ಮೊದಲು, ಹುಟ್ಟು ಆಮೇಲೆ. ಪುಟ್ಟರಾಜಣ್ಣನ ಪ್ಲಾನು. ಪ್ರಶ್ನೆ ಕೇಳುವ ಹಾಗಿಲ್ಲ.

ಇವತ್ತು ಓಡಿಸುವ ಸರದಿ ನನ್ನದು. ಮೈ ಯಾಕೋ ಒದ್ದೆ ಮರಳಿನ ಮೂಟೆ. ಗಯೆಯಿಂದಲೇ ಹೀಗೆ. ಏನ್ಲಾ ಮುಖ ಸಪ್ಪಗದೆ ಅಂತ ಕೇಳಿದರು. ವಸಿ ಸುಸ್ತು ಅಂದೆ. ನಮ್ಮ ಕಡೆ ಗಂಡಸರಿಗೆ ಕಾಯಿಲೆ ಬರುವುದಿಲ್ಲ. ಸಾಯುವ ಹಿಂದಿನ ದಿನದವರೆಗೂ ವಸಿ ಸುಸ್ತು, ಅಷ್ಟೇ.

ರಾತ್ರಿ ನಿದ್ದೆ ಬಾರದೆ ಕಟ್ಟಿದ್ದು:
ಹಸಿವಿಲ್ಲ, ತೃಷೆಯಿಲ್ಲ, ಮಲಗಿದರೆ ನಿದ್ದೆಯಿಲ್ಲ,
ಷಡ್ಡಕನ ಗೊರಕೆಗೆ ಗಡಿಯಿಲ್ಲ, ಸುಂಕವಿಲ್ಲ.

ಅದೇ ದಿನ, ಸಂಜೆ. ಹೆಟೌಡಾ

ಅರ್ಧ ದಾರಿಗೆ ಹ್ಯಾಂಡಲ್ ಬಿಟ್ಟುಕೊಟ್ಟೆ. ಮೊದಲ ಸಲ. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೆಡಿಕಲ್ ಶಾಪಿಗೆ ಹೋಗಿ ನನ್ನ ಹಿಂದಿಯಲ್ಲಿ ಹೇಳಿದೆ — ಭಾಯ್ ಸಾಬ್, ಮೈ ಬಹುತ್ ಸುಸ್ತ್ ಹೂಂ. ಅವನು ನನ್ನನ್ನೂ ನೋಡಿದ, ಹೊರಗಿನ ಬೈಕನ್ನೂ ನೋಡಿದ, ನಕ್ಕ. ಒಂದು ಟಾನಿಕ್ ಕೊಟ್ಟು, ಬೆಳಿಗ್ಗೆ ಬೇಗ ಏಳಿ, ಓಡಿ, ಸರಿಹೋಗುತ್ತೆ ಅಂತ ಉಪದೇಶ ಮಾಡಿದ. ಹೊರಗೆ ಬಂದು ಪುಟ್ಟರಾಜಣ್ಣನಿಗೆ ಹೇಳಿದರೆ ಅವರು ಹೆಲ್ಮೆಟ್ ತೆಗೆದು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು ನಗತೊಡಗಿದರು. ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸಾದವರು ಅವರು.

"ಸುಸ್ತ್ ಅಂದ್ರೆ ಹಿಂದೀಲಿ ಸೋಮಾರಿ ಕಣ್ಲಾ. ನೀನು ಹೋಗಿ 'ಅಣ್ಣಾ, ನಾನು ಭಾಳಾ ಸೋಮಾರಿ' ಅಂದಿದೀಯ. ಇಷ್ಟು ವರ್ಷದಲ್ಲಿ ನೀನು ಹೇಳಿದ ಮೊದಲನೇ ನಿಜ."

ಟಾನಿಕ್ ಕುಡಿದೆ. ಸೋಮಾರಿತನ ಕಮ್ಮಿಯಾಗಿಲ್ಲ.

ಅಕ್ಟೋಬರ್ 25, ಶುಕ್ರವಾರ. ನಾರಾಯಣಗಢ

ಇಡೀ ದಿನ ಹಿಂದಿನ ಸೀಟು. ಗುಡ್ಡ ಕುಸಿದ ಕಡೆ ರಸ್ತೆ ಅಗೆದಿದ್ದಾರೆ. ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತಿವೆ — ಹಳೇಬೀಡು ಗೋಡೆಯ ಕೆಳಗಿನ ಆನೆ ಸಾಲು. ಅವೂ ಎಂಟುನೂರು ವರ್ಷದಿಂದ ಅಲ್ಲೇ ಇವೆ, ಇವೂ ಬೆಳಿಗ್ಗೆಯಿಂದ ಇಲ್ಲೇ ಇವೆ. ಧೂಳಿಗೆ ಇಬ್ಬರ ಹುಬ್ಬೂ ಬೆಳ್ಳಗಾಗಿ ಒಂದೇ ವಯಸ್ಸಿನವರಾದೆವು. ನನಗಿಂತ ಹದಿನಾರು ವರ್ಷ ದೊಡ್ಡವರು ಅವರು.

ಯಾಕೆ ಹೊರಟೆವು ಅನ್ನೋದನ್ನ ಬರೆದಿಡುತ್ತೇನೆ. ಜ್ವರದಲ್ಲಿ ನನಗೇ ಮರೆತು ಹೋದೀತು.

ಕಣಕಟ್ಟೆಯ ಸಣ್ಣತಾಯಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಪುಟ್ಟರಾಜಣ್ಣನಿಗೆ, ಚಿಕ್ಕವಳು ಮೀನಾಕ್ಷಿ ನನಗೆ. ಹಾಗಾಗಿ ಷಡ್ಡಕರು. ಇದು ನಾವು ಆರಿಸಿಕೊಂಡ ನೆಂಟಸ್ತಿಕೆ ಅಲ್ಲ. ಮೂರು ವರ್ಷದ ಹಿಂದೆ ಅವರ ಹೊಸ ಮನೆಗೆ ಅರಸೀಕೆರೆಯ ನನ್ನ ಅಂಗಡಿಯಿಂದಲೇ ಫ್ಲೆಕ್ಸು. ನಾನೇ ಕಟ್ಟಿದ ನಾಲ್ಕು ಸಾಲು ಪದ್ಯ, ಪ್ರಾಸ ಸಮೇತ. ಪದ್ಯ ಸರಿ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಗ್ರಹಪ್ರವೇಶ' ಅಂತ ಬಿದ್ದಿತ್ತು. ಗೃಹ ಹೋಗಿ ಗ್ರಹ ಬಂದಿತ್ತು. ಅಂಗಡಿ ಹುಡುಗಿ ಟೈಪ್ ಮಾಡಿದ್ದು, ನಾನು ಪದ್ಯ ಮಾತ್ರ ತಿದ್ದಿದ್ದು. ಶನಿ, ರಾಹು, ಕೇತು ಯಾವುದನ್ನೂ ನಂಬದ ಮನುಷ್ಯನ ಬಾಗಿಲಿಗೆ ಅಷ್ಟೂ ಗ್ರಹಗಳನ್ನು ಕರೆಸಿದ ಹಾಗಾಯಿತು. ನೆಂಟರ ಮುಂದೆ ಕೂಗಾಡಿದರು. ಅವತ್ತಿನಿಂದ ಹೊರಡುವ ದಿನದವರೆಗೂ ಮಾತಿಲ್ಲ. ಒಂದೇ ಮದುವೆಗೆ ಬೇರೆ ಬೇರೆ ಪಂಕ್ತಿಯಲ್ಲಿ ಊಟ.

ಅತ್ತೆ ಮನೆಯಲ್ಲಿ ಮಾವ ಶಿವಯ್ಯನವರು ದೀಕ್ಷೆ ತಗೊಂಡ ಕಾಲದಿಂದ ಗೋಡೆಯ ಮೇಲೆ ಬುದ್ಧನ ಫೋಟೋ. ಪುಟ್ಟರಾಜಣ್ಣ ಅದಕ್ಕಿಂತ ಒಂದು ಹೆಜ್ಜೆ ಮುಂದೆ — ಸ್ಟಾಫ್ ರೂಮಿನ ಬೀರುವಿನ ಬಾಗಿಲ ಒಳಗಡೆ ಲುಂಬಿನಿ ಫೋಟೋ ಅಂಟಿಸಿಕೊಂಡು ಸರ್ವೀಸು ಮುಗಿಸಿದರು. ಬೈಕಿನಲ್ಲಿ ಹೋಗ್ತೀನಿ ಅಂತ ಹೊರಟಾಗ ಅತ್ತೆ ನನ್ನನ್ನೂ ಕರೆಸಿದರು. ಒಂದೇ ಮಾತು.

"ಆ ಮರದ ನೆಳ್ಳಲ್ಲಿ ಒಂದು ಗಳಿಗೆ ಕೂತ್ಕಂಡು ಬನ್ನಿ. ಇಬ್ರೂವೆ."

ಮಣ್ಣು ಬೇಡ, ನೀರು ಬೇಡ, ಫೋಟೋ ಬೇಡ. ಇಬ್ರೂವೆ. ಕಣ್ಣು ಮಂಜಾಗಿರೋ ಮುದುಕಿ, ಎರಡು ಕೋಳಿ ಜಗಳ ಬಿಡಿಸಲು ಎರಡೂವರೆ ಸಾವಿರ ಕಿಲೋಮೀಟರ್ ದೂರದ ಮರ ಹುಡುಕಿದ್ದರು.

ಅಕ್ಟೋಬರ್ 26, ಶನಿವಾರ. ಪೋಖ್ರಾ

ದೊಡ್ಡ ಕೆರೆ ಇದೆಯಂತೆ. ಹಿಮದ ಬೆಟ್ಟ ಕಾಣುತ್ತಂತೆ. ನಾನು ನೋಡಿದ್ದು ಬಾತ್‌ರೂಮಿನ ಟೈಲ್ಸು. ಕೆಳಗಿನ ಹೋಟೆಲಿನಿಂದ ಎಣ್ಣೆ ವಾಸನೆ ಬಂದರೆ ಸಾಕು, ಹೊಟ್ಟೆ ಗಂಟಲಿಗೆ ಬರುತ್ತದೆ.

ಮೀನಾಕ್ಷಿ ಫೋನ್ ಮಾಡಿದ್ದಳು. ವಿಡಿಯೋ ಹಾಕಿ ಅಂದಳು. ನೆಟ್‌ವರ್ಕ್ ಇಲ್ಲ ಅಂದೆ. ಬೆಟ್ಟದ ಮೇಲೆ ಎತ್ತರದ ಟವರ್ ನನ್ನನ್ನೇ ನೋಡುತ್ತಿತ್ತು.

ಜ್ವರಕ್ಕೆ ಪ್ರಾಸ — ಬರ, ಸ್ವರ, ಖರ... ಮುಂದೆ ಹೋಗಲಿಲ್ಲ.

ಅಕ್ಟೋಬರ್ 27, ಭಾನುವಾರ. ಬುತ್ವಲ್ ರಸ್ತೆ

ತಿರುವು. ತಿರುವು. ತಿರುವು. ಬೆಟ್ಟದ ಮೈಮೇಲೆ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ — ಹುಲಿಕೆರೆ ಕಲ್ಯಾಣಿಯನ್ನು ಯಾರೋ ಎತ್ತಿ ಬೋರಲು ಹಾಕಿದ ಹಾಗೆ. ಭತ್ತ ಹಣ್ಣಾಗಿದೆ. ಹಬ್ಬಕ್ಕೆ ಅಂತ ಮನೆ ಮನೆ ಮುಂದೆ ಚೆಂಡುಹೂವು. ಎಲ್ಲಾ ಹಳದಿ. ಚೆಂದ ಅಂದುಕೊಂಡೆ. ಆಮೇಲೆ ಕಲ್ಲೂ ಹಳದಿ, ಬಸ್ಸೂ ಹಳದಿ ಅನ್ನಿಸಿತು.

ಒಂದು ತಿರುವಿನಲ್ಲಿ ಅವರ ಬೆನ್ನಿಗೆ ಒರಗಿದ್ದವನು ಜಾರಿದೆ. ಬೀಳಲಿಲ್ಲ, ಅವರು ಒಂದು ಕೈಲಿ ಹಿಡಿದುಕೊಂಡರು. ನಿಲ್ಲಿಸಿದರು. ವಾಂತಿ. ಎದುರಿಗೇ ಒಂದು ಚಹಾ ಅಂಗಡಿ, ಮೇಲೆ ಎರಡು ರೂಮು. ಅಂಗಡಿಯ ಹೆಂಗಸು ಬಂದು ಮುಖಕ್ಕೆ ನೀರು ಹಾಕಿ, ಹಣೆ ಮುಟ್ಟಿ, "ಸುಸ್ತಾಉನೂಸ್, ದಾಯಿ, ಸುಸ್ತಾಉನೂಸ್" ಅಂದಳು.

ದಾಯಿ ಅಂದರೆ ಅಣ್ಣ. ಅಣ್ಣಾ ಅಂತ ಕರೆದೇ ಇವಳೂ ನನ್ನನ್ನ ಸೋಮಾರಿ ಅಂತಿದ್ದಾಳೆ. ದೇಶ ಪೂರ್ತಿ ಸುದ್ದಿ ಹಬ್ಬಿದೆ.

ಹ್ಯಾಂಡ್ರೈಟಿಂಗ್ ನೋಡಿದರೆ ನಂದಲ್ಲ ಅನ್ನಿಸು

ಅಕ್ಟೋಬರ್ 31, ಗುರುವಾರ. ಅದೇ ಅಂಗಡಿಯ ಮೇಲಿನ ರೂಮು

ಬದುಕಿದ್ದೇನೆ. ಪೆನ್ನು ಹಿಡಿಯುವಷ್ಟು.

ಜಾಂಡೀಸು. ಕಂಡುಹಿಡಿದದ್ದು ಡಾಕ್ಟರಲ್ಲ, ಮೀನಾಕ್ಷಿ. ಸೋಮವಾರ ಪುಟ್ಟರಾಜಣ್ಣನ ಫೋನಿಗೆ ಮಾಡಿದಳಂತೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಂಚಶೀಲದ ಮನುಷ್ಯ. ಫೋನನ್ನು ತಂದು ನನ್ನ ಮುಖದ ಮುಂದೆ ಹಿಡಿದರು.

"ಕಣ್ಣು ಕೆಳಗೆ ಎಳೀರಿ. ಇನ್ನೂ ಎಳೀರಿ. ಬೆಳಕಿಗೆ ತಿರುಗಿ." ಫೋನಿಗೆ ಮುಖ ಹತ್ತಿರ ತಂದು ನೋಡಿದಳು. ಆಮೇಲೆ, "ಕಾಮಾಲೆ ಕಣ್ರೀ. ಭಾವಾ, ಇವರನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಬೈಕಲ್ಲಿ ಅಲ್ಲ."

ಜೀಪಿನಲ್ಲಿ ಕರೆದುಕೊಂಡು ಹೋದರು. ಎರಡು ದಿನ ಡ್ರಿಪ್ಪು. ಡಾಕ್ಟರ್ ಚಿಕ್ಕ ವಯಸ್ಸಿನವನು, ಒಳ್ಳೆ ಇಂಗ್ಲಿಷು. ನಾನು ನೇಪಾಳದ ನೀರಿನ ಮೇಲೆ ಅಪವಾದ ಹಾಕಲು ತಯಾರಾಗಿದ್ದೆ. ಅವನು ಒಪ್ಪಲಿಲ್ಲ. ಈ ಕ್ರಿಮಿ ಮೈಗೆ ಸೇರಿ ತಿಂಗಳಾದರೂ ಆಗಿರುತ್ತೆ, ನೀವು ಊರಿನಿಂದಲೇ ತಂದದ್ದು ಅಂದ. ಲೆಕ್ಕ ಹಾಕಿದೆ. ಬೇಲೂರಿಗೆ ಬ್ಯಾನರ್ ಕಟ್ಟಿಸಲು ಹೋದಾಗ ರಸ್ತೆ ಬದಿ ಕುಡಿದ ಕಬ್ಬಿನ ಹಾಲು, ಐಸು ಹಾಕಿಸಿಕೊಂಡು. ಗಡಿಯಲ್ಲಿ ಬ್ಯಾಗೆಲ್ಲಾ ತಡಕಿದರು. ಇದೊಂದನ್ನು ಬಿಟ್ಟರು.

ಅಪ್ಪಣೆ: ಎಣ್ಣೆ ಇಲ್ಲ, ಖಾರ ಇಲ್ಲ, ಬೈಕ್ ಇಲ್ಲ. ಮಲಗು. ಎಷ್ಟು ದಿನ ಅಂದರೆ, ಮೈ ಹೇಳುವಷ್ಟು ದಿನ.

ಇಲ್ಲಿ ದೀಪಾವಳಿಗೆ ತಿಹಾರ್ ಅಂತಾರೆ. ಇವತ್ತು ನಾಯಿಗಳ ಪೂಜೆ. ಅಂಗಡಿಯ ದಿಲಮಾಯಾ ದೀದಿ ತನ್ನ ಕರಿ ನಾಯಿಗೆ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದ್ದಾಳೆ. ಅದು ಮೆಟ್ಟಿಲು ಹತ್ತಿ ಬಂದು ನನ್ನನ್ನ ನೋಡಿಹೋಯಿತು. ಇಬ್ಬರೂ ಹಳದಿ. ಅದರದ್ದು ಸಂಜೆ ಬಾಡುತ್ತೆ.

ಪುಟ್ಟರಾಜಣ್ಣ ಸೀಟಿ ಊದಿ ನಾಲ್ಕು ದಿನವಾಯಿತು. ಕೊರಳಲ್ಲಿ ಕಾಣುತ್ತಿಲ್ಲ. ಕೇಳಿದೆ. ಜೇಬಲ್ಲಿದೆ ಅಂದರು.

ನವೆಂಬರ್ 1, ಶುಕ್ರವಾರ

ರಾಜ್ಯೋತ್ಸವ. ಅರಸೀಕೆರೆಯಲ್ಲಿ ನನ್ನ ಅಂಗಡಿಗೆ ವರ್ಷದ ದೊಡ್ಡ ಹಬ್ಬ. ಆಟೋ ಸ್ಟ್ಯಾಂಡಿನಿಂದ ಹಿಡಿದು ಹಣ್ಣಿನ ಗಾಡಿಯವರೆಗೆ ಎಲ್ಲರಿಗೂ ಬ್ಯಾನರ್ ಬೇಕು, ಬ್ಯಾನರಿನಲ್ಲಿ ಪ್ರಾಸ ಬೇಕು. ಮೀನಾಕ್ಷಿ ಹಳೇ ಪದ್ಯಗಳನ್ನೇ ಹೆಸರು ಬದಲಾಯಿಸಿ ಹೊಡೆದಿದ್ದಾಳಂತೆ. ಯಾರಿಗೂ ಗೊತ್ತಾಗಿಲ್ಲವಂತೆ. ಇಷ್ಟು ವರ್ಷ ಹೊಸದು ಬರೆದು ಮೈ ಕೆಡಿಸಿಕೊಂಡದ್ದು ಯಾರಿಗಾಗಿ.

ಕನ್ನಡಿ ನೋಡಿಕೊಂಡೆ. ಕಣ್ಣು ಹಳದಿ. ಇನ್ನೊಂದು ಕೆಂಪು, ಅದು ಎಲ್ಲಿ ಅಂತ ಬರೆಯುವುದು ಬೇಡ. ಒಟ್ಟಿನಲ್ಲಿ ಬಾವುಟ ಹಾರಿಸುವ ಅಗತ್ಯ ಬೀಳಲಿಲ್ಲ.

ಎರಡು ಚಮಚ ಗಂಜಿ ಉಳಿಯಿತು. ಸಾಧನೆ.

ನವೆಂಬರ್ 2, ಶನಿವಾರ. ಬಿಸಿಲು ಬಂದ ಮೇಲೆ

ಕೆಳಗೆ ಇಳಿದೆ. ಗೋಡೆ ಹಿಡಿದುಕೊಂಡು. ಅಂಗಡಿಯ ಎದುರಿಗೆ ಅರಳಿ, ಆಲ ಎರಡೂ ಕೂಡಿ ಬೆಳೆದ ಮರ, ಸುತ್ತ ಕಲ್ಲಿನ ಕಟ್ಟೆ. ನಮ್ಮ ಅರಳೀಕಟ್ಟೆ ಇದ್ದ ಹಾಗೇ, ಆದರೆ ಕಟ್ಟೆಗೆ ಸೊಂಟದೆತ್ತರದಲ್ಲಿ ಇನ್ನೊಂದು ಮೆಟ್ಟಿಲು. ಅದು ಯಾಕೆ ಅಂತ ಗೊತ್ತಾಗಲಿಲ್ಲ.

ಒಬ್ಬ ಅಜ್ಜ ಬಂದ. ಬೆನ್ನ ಮೇಲೆ ಬುಟ್ಟಿ, ಬುಟ್ಟಿಯ ಪಟ್ಟಿ ಹಣೆಗೆ. ತುಂಬಾ ಸೌದೆ. ತಿರುಗಿ ನಿಂತು, ಹಾಗೇ ಹಿಂದಕ್ಕೆ ಸರಿದು ಬುಟ್ಟಿಯನ್ನು ಆ ಮೆಟ್ಟಿಲ ಮೇಲೆ ಕೂರಿಸಿದ. ಹಣೆಯಿಂದ ಪಟ್ಟಿ ತೆಗೆದ. ಉಸ್ಸಂತ ಕೂತ. ನನ್ನನ್ನ ನೋಡಿ, ಪಕ್ಕದ ಕಲ್ಲು ತಟ್ಟಿ, "ಸುಸ್ತಾಉನೂಸ್" ಅಂದ.

ದೀದಿ ಹಿಂದಿ ಬಲ್ಲವಳು, ಲಾರಿಯವರ ಸಹವಾಸದಲ್ಲಿ ಕಲಿತದ್ದು. ಪುಟ್ಟರಾಜಣ್ಣ ಕೇಳಿದರು, ಇವನು ಬಂದ ದಿನದಿಂದ ನೀವೆಲ್ಲಾ ಇವನನ್ನ ಸೋಮಾರಿ ಅಂತ ಯಾಕೆ ಬಯ್ತೀರಿ ಅಂತ. ದೀದಿಗೆ ಮೊದಲು ಅರ್ಥ ಆಗಲಿಲ್ಲ. ಆದ ಮೇಲೆ ಕೆಟಲ್ ಕೆಳಗಿಟ್ಟು ನಕ್ಕಳು. ಅವರ ಮಾತಿನಲ್ಲಿ ಅದು ಬೈಗುಳ ಅಲ್ಲವಂತೆ. ಹೊರೆ ಇಳಿಸಿ ಸುಧಾರಿಸಿಕೊಳ್ಳಿ — ಅಷ್ಟೇ ಅರ್ಥ. ದಾರಿಯಲ್ಲಿ ಹೋಗುವ ಯಾರಿಗಾದರೂ ಹೇಳುವ ಮರ್ಯಾದೆಯ ಮಾತು.

ಒಂದೇ ಪದ. ನಮ್ಮಲ್ಲಿ ಅದು ಕಾಯಿಲೆ. ಹಿಂದಿಯಲ್ಲಿ ಅಪರಾಧ. ಇಲ್ಲಿ ಔಷಧಿ.

ಕಣಕಟ್ಟೆ ರಸ್ತೆಯಲ್ಲಿ ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹಾಕಿದ್ದ ಹೊರೆಗಲ್ಲು ನೆನಪಾಯಿತು. ತಲೆ ಹೊರೆಯನ್ನ ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಜಾರಿಸಿ ನಿಲ್ಲಬಹುದು. ಅರಸೀಕೆರೆ ಸಂತೆಗೆ ತೆಂಗಿನಕಾಯಿ ಹೊತ್ತು ನಡೆಯುತ್ತಿದ್ದ ಕಾಲದಲ್ಲಿ ಅತ್ತೆಗೆ ಅದೇ ಸ್ಟಾಪು. ರಸ್ತೆ ಅಗಲ ಮಾಡುವಾಗ ಕಿತ್ತರು. ಎತ್ತ ಹಾಕಿದರೋ.

ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕೂತೆವು. ಮೂರು ವರ್ಷದಿಂದ ಇಬ್ಬರೂ ಎತ್ತದ ವಿಷಯವನ್ನ ಪುಟ್ಟರಾಜಣ್ಣನೇ ಎತ್ತಿದರು.

"ಅಲ್ಲ ಕಣೋ ಲಕ್ಷ್ಮೀಶ. ಗೃಹಕ್ಕೂ ಗ್ರಹಕ್ಕೂ ವ್ಯತ್ಯಾಸ ಗೊತ್ತಿಲ್ದೆ ಬಿ.ಎ. ಹೆಂಗ್ಲಾ ಪಾಸ್ ಮಾಡ್ದೆ?"

"ಹುಡುಗಿ ಟೈಪ್ ಮಾಡಿದ್ದು ಅಣ್ಣಾ."

"ಗೊತ್ತು. ಅದಕ್ಕೆ ಒಂದು ಗಳಿಗೆ ಸಿಟ್ಟು ಬಂತು, ಕೂಗಾಡ್ದೆ, ಹೋಯ್ತು. ನೀನು ಉಣ್ದೆ ಹೊಂಟೋದೆಯಲ್ಲ... ಹೊಸ ಮನೆ, ಮೊದಲನೇ ಪಂಕ್ತಿ, ನಿನ್ನ ಎಲೆ ಖಾಲಿ. ನಮ್ಮನೆಯವಳು ಆ ಎಲೆ ತೆಗೆಯೋಕೆ ಬಿಡ್ಲಿಲ್ಲ ಸಂಜೆವರೆಗೂ."

ನನಗೆ ಇದು ಗೊತ್ತಿರಲಿಲ್ಲ. ಮೂರು ವರ್ಷ ಒಂದು ಒತ್ತಕ್ಷರದ ಮೇಲೆ ಜಗಳ ಅಂದುಕೊಂಡಿದ್ದೆ. ಜಗಳ ಎಲೆಯದ್ದು.

"ಬರ್ತೀನಿ ಬಿಡಿ, ಉಣ್ತೀನಿ" ಅಂದೆ.

"ಮೊದ್ಲು ಈ ಗಂಜಿ ಉಣ್ಣು" ಅಂದರು. ಉಂಡೆ. ಉಳಿಯಿತು.

ನವೆಂಬರ್ 3, ಭಾನುವಾರ

ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಏಳು ಬಣ್ಣದ ತಿಲಕ ಇಡುವ ದಿನ. ದೀದಿಯ ಅಣ್ಣ ಎಲ್ಲೋ ಕತಾರಿನಲ್ಲಿ. ಪುಟ್ಟರಾಜಣ್ಣನನ್ನ ಕೂರಿಸಿಬಿಟ್ಟಳು. ನಾಮ, ಕುಂಕುಮ ಅಂದರೆ ಮೈಲಿ ದೂರ ಓಡುವ ಮನುಷ್ಯ, ಹಣೆ ಕೊಟ್ಟು ಕೂತಿದ್ದರು, ಡ್ರಿಲ್ ಕ್ಲಾಸಿನ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ. ನನಗೂ ತಿಲಕ ಬಂತು. ಕರಿದ ತಿಂಡಿ ಬರಲಿಲ್ಲ. ದೀದಿ ತಟ್ಟೆಯನ್ನ ನನ್ನ ಮೂಗಿನ ಮುಂದಿನಿಂದಲೇ ಒಯ್ದಳು.

ಪರ್ಮಿಟ್ಟಿಗೆ ಇನ್ನು ನಾಲ್ಕು ದಿನ. ಇವರು ನನ್ನ ಗಂಜಿ ಬಟ್ಟಲು ತೊಳೆಯುತ್ತಾ ಕೂತಿದ್ದಾರೆ. ಲುಂಬಿನಿ ಇಲ್ಲಿಂದ ಅರ್ಧ ದಿನದ ದಾರಿ. ನಾನು ಹೇಳಿದೆ — ನಾಳೆ ಮುಂಜಾನೆ ಹೊರಟರೆ ಸಂಜೆಗೆ ವಾಪಸ್ಸು, ನೀವು ನೋಡಿಕೊಂಡು ಬನ್ನಿ, ನನಗೆ ದೀದಿ ಇದ್ದಾಳೆ, ನಾಯಿ ಇದೆ. ತೊಳೆದ ಬಟ್ಟಲನ್ನೇ ಮತ್ತೆ ತೊಳೆದರು. ಇನ್ನೊಂದು ಸಲ ಹೇಳಿದೆ. ನನ್ನಿಂದ ನಿಮ್ಮ ಯಾತ್ರೆ ತಪ್ಪಿದರೆ ಅದು ಈ ಕಾಮಾಲೆಗಿಂತ ಜಾಸ್ತಿ ದಿನ ಇರುತ್ತೆ ಮೈಯಲ್ಲಿ ಅಂದೆ.

ಸರಿ ಅಂದರು. ಚೈನಿಗೆ ಎಣ್ಣೆ ಬಿಟ್ಟರು.

ನವೆಂಬರ್ 4, ಸೋಮವಾರ

ಬೆಳಕು ಹರಿಯುವಾಗ ಹೊರಟರು. ಬಿಳಿ ಶರ್ಟು ಹಾಕಿಕೊಂಡಿದ್ದರು, ಊರಿನಿಂದ ಮಡಿಕೆ ಕೆಡದ ಹಾಗೆ ತಂದದ್ದು. ಬೈಕಿನ ಸದ್ದು ಎರಡು ತಿರುವಿನವರೆಗೂ ಕೇಳಿತು.

ಕಟ್ಟೆಯ ಮೇಲೆ ಕೂತು ಒಂದು ದ್ವಿಪದಿಗೆ ಕೈ ಹಾಕಿದೆ. ಎರಡನೇ ಸಾಲು ಅರ್ಧ ಆಗಿರಲಿಲ್ಲ, ಬೈಕಿನ ಸದ್ದು. ಚಹಾ ಹೊತ್ತಿಗೇ ವಾಪಸ್ಸು.

"ರೋಡ್ ಬ್ಲಾಕು ಕಣೋ. ಗುಡ್ಡ ಬಿದ್ದೈತೆ."

ಬುತ್ವಲ್ ಕಡೆಯಿಂದ ಬಸ್ಸುಗಳು ಬರುತ್ತಲೇ ಇದ್ದವು. ಒಂದು, ಅದರ ಹಿಂದೆ ಇನ್ನೊಂದು, ಚೆಂಡುಹೂವಿನ ಹಾರ ಹಾಕಿಕೊಂಡು, ನಮ್ಮ ಮುಂದೆಯೇ. ಇಬ್ಬರೂ ನೋಡಿದೆವು. ಅವರು ಬಿಳಿ ಶರ್ಟು ಬಿಚ್ಚಿ ಮಡಚಿ, ಹಳೇದು ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು.

ಇಬ್ರೂವೆ ಅಂದಿದ್ದರಲ್ಲ ಅತ್ತೆ.

ನವೆಂಬರ್ 6, ಬುಧವಾರ

ಬ್ಲಡ್ ಟೆಸ್ಟು ಇನ್ನೊಂದು ಸಲ. ಇಳಿದಿದೆ, ಪೂರ್ತಿ ಅಲ್ಲ. ನಿಧಾನಕ್ಕೆ, ನಿಲ್ಲಿಸಿ ನಿಲ್ಲಿಸಿ ಹೋದರೆ ಹಿಂದಿನ ಸೀಟಲ್ಲಿ ಕೂತು ಗಡಿಯವರೆಗೆ ಹೋಗಬಹುದು ಅಂದ ಡಾಕ್ಟರ್. ಗೋರಖ್‌ಪುರದಿಂದ ಬೆಂಗಳೂರಿಗೆ ನಾಳೆ ರಾತ್ರಿ ರೈಲು. ಮೀನಾಕ್ಷಿ ಅಲ್ಲಿಂದಲೇ ಸೀಟು ಮಾಡಿಸಿದ್ದಾಳೆ. ಬೈಕು ಪಾರ್ಸಲ್.

ಲುಂಬಿನಿಗೆ ದಾರಿಯಲ್ಲೇ ಪಕ್ಕಕ್ಕೆ ತಿರುಗಿದರೆ ಆಯಿತು, ಮುಟ್ಟಿಕೊಂಡೇ ಹೋಗೋಣ ಅಂತ ನಾನು. ನೋಡೋಣ ಅಂತ ಅವರು. ಅವರು ನೋಡೋಣ ಅಂದರೆ ಅದು ಇಲ್ಲ. ಬಾಣಾವರದ ಮಕ್ಕಳಿಗೆಲ್ಲಾ ಗೊತ್ತು.

ದೀದಿಗೆ ಒಂದು ಬೋರ್ಡ್ ಬರೆದುಕೊಟ್ಟೆ, ಬಿಳಿ ರಟ್ಟಿನ ಮೇಲೆ ಕನ್ನಡದಲ್ಲಿ. ಇಲ್ಲಿಗೆ ಯಾರು ಕನ್ನಡದವರು ಬರುತ್ತಾರೋ ಗೊತ್ತಿಲ್ಲ.
ಓಡುವ ಮುನ್ನ ಕೂಡು, ಕೂತು ಉಸಿರಾಡು,
ದೀದಿಯ ಗಂಜಿಗೆ ಬಂದದ್ದು ಈ ಹಾಡು.
ಒತ್ತಕ್ಷರ ಎಲ್ಲಾ ಪುಟ್ಟರಾಜಣ್ಣ ಚೆಕ್ ಮಾಡಿದರು.

ನವೆಂಬರ್ 7, ಗುರುವಾರ. ಗೋರಖ್‌ಪುರ ಸ್ಟೇಷನ್

ಬೆಳಿಗ್ಗೆ ಹೊರಡುವಾಗ ಒಂದು ಶಾಲಿನಿಂದ ನನ್ನನ್ನ ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ನಿದ್ದೆ ಬಂದರೆ ಬೀಳಬಾರದು ಅಂತ. ನೋಡಿದವರಿಗೆ ಏನು ಅನ್ನಿಸಿತೋ. ದೀದಿ ಮಾತ್ರ ಸರಿಯಾಗಿ ಬಿಗಿದಿದೆಯಾ ಅಂತ ಎಳೆದು ನೋಡಿದಳು.

ಬೆಟ್ಟ ಇಳಿಯುವಾಗ ಎರಡು ಸಲ ನಿಲ್ಲಿಸಿದೆವು. ಬುತ್ವಲ್ ದಾಟಿ ಬಯಲಿಗೆ ಬಂದಾಗ ನೆತ್ತಿಯ ಮೇಲೆ ಬಿಸಿಲು. ತಲೆ ತಿರುಗುವುದು ಶುರುವಾಗಿತ್ತು. ಆಗ ಬಂತು ಆ ಸರ್ಕಲ್ಲು. ಹಸಿರು ಬೋರ್ಡು, ಬಲಕ್ಕೆ ಬಾಣ — ಲುಂಬಿನಿ. ನೇರಕ್ಕೆ ಗಡಿ. ಅವರ ಭುಜ ತಟ್ಟಿ ಬಲಕ್ಕೆ ತೋರಿಸಿದೆ. ಬಾಯಿಂದ ಮಾತು ಬರುವ ಹಾಗಿರಲಿಲ್ಲ. ಇನ್ನೊಂದು ಸಲ ತಟ್ಟಿದೆ.

ಇಂಡಿಕೇಟರ್ ಹಾಕಲಿಲ್ಲ. ಸ್ಪೀಡೂ ಕಮ್ಮಿ ಮಾಡಲಿಲ್ಲ. ಬೋರ್ಡಿನ ಕಡೆ ಒಂದೇ ಸಲ ತಲೆ ತಿರುಗಿಸಿದರು, ಕನ್ನಡಿಯಲ್ಲಿ ಕಂಡಿತು.

ಈಗ ಪ್ಲಾಟ್‌ಫಾರ್ಮಿನಲ್ಲಿ ಕೇಳಿದೆ, ಯಾಕಣ್ಣಾ ಅಂತ. ಬೈಕಿನ ಪಾರ್ಸಲ್ ಚೀಟಿ ಮಡಚುತ್ತಾ ಹೇಳಿದರು — "ಹುಟ್ಟಿದ ಜಾಗ ನೋಡಾಕೋಗಿ ಸಾಯೋ ಕೆಲಸ ಬ್ಯಾಡ."

ಚೀಟಿಯನ್ನ ಜೇಬಿಗಿಟ್ಟು, "ಅದು ಎಲ್ಲಿಗೂ ಹೋಗಲ್ಲ" ಅಂದರು. ಲುಂಬಿನಿಯನ್ನ ಹೇಳಿದರೋ, ನನ್ನ ಸೋಮಾರಿತನವನ್ನ ಬೈದರೋ, ತಿಳಿಯಲಿಲ್ಲ.

ನವೆಂಬರ್ 16, ಶನಿವಾರ. ಅರಸೀಕೆರೆ

ಮನೆ. ಮೀನಾಕ್ಷಿಯ ರಾಜ್ಯ. ಹೊಸಲು ದಾಟುವ ಹಾಗಿಲ್ಲ. ಯಾರೋ ಹೇಳಿದರು ಅಂತ ಬಾಣಾವರದ ಹತ್ತಿರ ಸೊಪ್ಪಿನ ಔಷಧಿ ಕೊಡುವವರ ಹತ್ತಿರ ಹೋಗಲು ತಯಾರಾಗಿದ್ದಳು. ಡಾಕ್ಟರ್ ಬೇಡ ಅಂದಿದ್ದಾರೆ ಅಂದೆ. ನೆಟ್‌ವರ್ಕ್ ಇಲ್ಲ ಅಂದವರ ಮಾತು ನಾನು ಕೇಳಲ್ಲ ಅಂದಳು. ಕೊನೆಗೆ ಪುಟ್ಟರಾಜಣ್ಣ ಫೋನಿನಲ್ಲಿ ಹೇಳಿದ ಮೇಲೆ ಬಿಟ್ಟಳು. ಈಗ ಇವರಿಬ್ಬರೂ ಒಂದು ಪಾರ್ಟಿ.

ಅತ್ತೆಗೆ ಇನ್ನೂ ಏನೂ ಹೇಳಿಲ್ಲ. ಕಾಯಿಲೆ ಗೊತ್ತು. ಲುಂಬಿನಿ ಗೊತ್ತಿಲ್ಲ. ನಾಳೆ ಕಣಕಟ್ಟೆಗೆ ಬರಬೇಕಂತೆ, ಇಬ್ರೂವೆ. ಅತ್ತೆಗೆ ಏನು ಹೇಳೋದು ಅಂತ ಪುಟ್ಟರಾಜಣ್ಣ ಫೋನ್ ಮಾಡಿದ್ದರು. ಮರದ ಕೆಳಗೆ ಕೂತ್ವಿ ಅಂದುಬಿಡೋಣ, ಮರ ಯಾವುದು ಅಂತ ಕೇಳಿದರೆ ಆಮೇಲೆ ನೋಡಿಕೊಳ್ಳೋಣ ಅಂದೆ.

"ಒಂದು ಸುಳ್ಳಿಗೇ ನಾನಿನ್ನೂ ಸುಧಾರಿಸ್ಕಂಡಿಲ್ಲ ಕಣೋ" ಅಂದರು.

ರೋಡ್ ಬ್ಲಾಕಿನ ಬಗ್ಗೆ ಅವರು ಬಾಯಿ ಬಿಟ್ಟದ್ದು ಅಷ್ಟೇ.

ನವೆಂಬರ್ 17, ಭಾನುವಾರ. ಕಣಕಟ್ಟೆ. ಮಧ್ಯಾಹ್ನ

ಊಟ ಆಯಿತು. ಅತ್ತೆಯ ಮನೆಯ ಪಡಸಾಲೆಯಲ್ಲಿ ಚಾಪೆ ಹಾಕಿದ್ದಾರೆ.

ಬಂದ ತಕ್ಷಣ ಅತ್ತೆ ಇಬ್ಬರ ಮುಖವನ್ನೂ ಕೈಯಿಂದ ಮುಟ್ಟಿ ನೋಡಿದರು. ಕಣ್ಣು ಸರಿಯಾಗಿ ಕಾಣುವುದಿಲ್ಲ. ನನ್ನ ದವಡೆ ಮೂಳೆಯ ಹತ್ತಿರ ಕೈ ನಿಂತಿತು. ಕೂರಿಸಿಕೊಂಡು ನೆಟ್ಟಗೆ ಕೇಳಿದರು.

"ಕೂತ್ಕಂಡ್ರಾ?"

ನಾನು ಬಾಯಿ ತೆಗೆಯುವ ಮೊದಲೇ ಪುಟ್ಟರಾಜಣ್ಣ ಎದ್ದು ನಿಂತರು, ಇನ್‌ಸ್ಪೆಕ್ಟರ್ ಕ್ಲಾಸಿಗೆ ಬಂದ ಹಾಗೆ. "ಅಲ್ಲಿಗೆ ಹೋಗಾಕಾಗ್ಲಿಲ್ಲ ಕಣತ್ತೆ. ಇವನ ಮೈ ಸರಿ ಇರ್ಲಿಲ್ಲ. ದಾರೀಲಿ ಒಂದು ಅರಳೀಕಟ್ಟೆ ಇತ್ತು, ಅಲ್ಲೇ ಕೂತ್ವಿ."

"ಇಬ್ರೂವೆ?"

"ಇಬ್ರೂವೆ."

"ಮಾತಾಡ್ಕಂಡು?"

"ಮಾತಾಡ್ಕಂಡು. ಆ ಎಲೆ ವಿಷ್ಯಾನೂ ಆಯ್ತು" ಅಂದೆ ನಾನು. ಯಾವ ಎಲೆ ಅಂತ ಅತ್ತೆ ಕೇಳದಿದ್ದಾಗ, ಅವರಿಗೂ ಎಲೆಯ ವಿಷಯ ಮೊದಲಿನಿಂದ ಗೊತ್ತಿತ್ತು ಅಂತ ಗೊತ್ತಾಯಿತು. ನನಗೊಬ್ಬನಿಗೇ ಗೊತ್ತಿರಲಿಲ್ಲ.

ಅತ್ತೆ ಎಲೆ ಅಡಿಕೆ ಚೀಲದ ದಾರ ಬಿಚ್ಚಿದರು. ನಿಧಾನಕ್ಕೆ. ಪುಟ್ಟರಾಜಣ್ಣ ಇನ್ನೂ ನಿಂತೇ ಇದ್ದರು.

"ಎಷ್ಟೊತ್ತು ಕೂತಿದ್ರಿ?"

ಇಬ್ಬರೂ ಮುಖ ಮುಖ ನೋಡಿಕೊಂಡೆವು. "ವಾರದ ಮೇಲಾಯ್ತು" ಅಂದರು ಅವರು.

"ನಾನು ಒಂದು ಗಳಿಗೆ ಅಂದಿದ್ದೆ" ಅಂದರು ಅತ್ತೆ. ಸುಣ್ಣ ಹಚ್ಚುತ್ತಾ. "ಕೂತ್ಕಳಪ್ಪಾ ಪುಟ್ಟರಾಜು. ಅಲ್ಲಿ ನಿಂತಿದ್ಯಾ ಯಾಕೆ."

ಕೂತರು. ಕೂತ ಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು.

ಬರುವ ದೀಪಾವಳಿಗೆ ಮತ್ತೆ ಹೋಗೋದಂತೆ, ಬೈಕಲ್ಲೇ. ಓಡಿಸುವ ಸರದಿ ಎಲ್ಲಿ ನಿಂತಿತ್ತೋ ಅಲ್ಲಿಂದ. ಕಬ್ಬಿನ ಹಾಲು ಮಾತ್ರ ಇಲ್ಲ ಅಂತ ಮೀನಾಕ್ಷಿಯ ಕಂಡೀಷನ್ನು.

ಪ್ರಾಸ ತಾನಾಗೇ ಬರುತ್ತಿದೆ ಇವತ್ತು. ಅದು ಬಂದರೆ ಮೈ ಸರಿಯಾಗುತ್ತಿದೆ ಅಂತ ಲೆಕ್ಕ.

ಗಳಿಗೆ ಅಂದರು ಅತ್ತೆ, ವಾರ ಕೂತೆವು ಮತ್ತೆ,
ಲುಂಬಿನಿಯ ದಾರಿಯಲಿ...

ಸೀಟಿ. ಇಷ್ಟು ದಿನದ ಮೇಲೆ. ಪುಟ್ಟರಾಜಣ್ಣ ಬಾಗಿಲಲ್ಲಿ ನಿಂತು ಊದುತ್ತಿದ್ದಾರೆ. ಏಳು ಅಂತ ಅಲ್ಲ, ಪುಸ್ತಕ ಮುಚ್ಚಿ ಮಲಗು ಅಂತ. ಇನ್ನೊಂದೇ ಸಾಲು ಅಣ್ಣಾ ಅಂದೆ. ಮತ್ತೆ ಊದಿದರು. ಅತ್ತೆ ಒಳಗಿಂದ ನಗುತ್ತಿದ್ದಾರೆ. ಸರಿ, ಹೊರೆ ಇಳಿಸ್ತೀನಿ. 'ಮತ್ತೆ'ಗೆ 'ಅತ್ತೆ' ಆಗಿಹೋಗಿದೆ, ಇನ್ನು 'ಕಿತ್ತೆ', 'ಹೊತ್ತೆ', 'ಸುಸ್ತೆ